ಎಂಜಿನ್ನಿಗೆ ಗೋಣಿ ಹೊದೆಸಿದ ರಾತ್ರಿ

ಸಂಕ್ರಾಂತಿ ಕಳೆದ ಮೂರನೇ ದಿನ
ಮಲ್ಪೆಗೆ ಚಳಿ ಬಂತು.
ಬೆಳಗ್ಗೆ ಎದ್ದರೆ ಮೂಗಷ್ಟೇ ತಣ್ಣಗಾಗುವ
ನಮ್ಮ ಮಾಮೂಲಿ ಚಳಿ ಅಲ್ಲ;
ದಕ್ಕೆಯ ನಾಯಿಗಳು ಬಲೆಯ ರಾಶಿಗೆ ಹೊಕ್ಕು
ಮೂತಿ ಮಾತ್ರ ಹೊರಗಿಟ್ಟ ಚಳಿ.
ಮೀನು ಆಯುವ ಗುಲಾಬಿಯಕ್ಕ
ಗಂಡನ ಮಂಕಿ ಟೋಪಿ ಹಾಕಿಕೊಂಡು ಬಂದು
ಯಾರಾದರೂ ನಕ್ಕರೆ ಬಂಗುಡೆಯಲ್ಲಿ ಹೊಡೆಯುವೆ ಎಂದಳು.
ಯಾರೂ ನಗಲಿಲ್ಲ.
ಎಲ್ಲರ ಕೈಯೂ ಕಂಕುಳಲ್ಲಿತ್ತು.

ಸಂಜೆ ಲಿಗೋರಿ ಬಂದ, ಉದ್ಯಾವರದ ಮೆಕ್ಯಾನಿಕ್,
ಎಣ್ಣೆ ಕುಡಿದು ಉಬ್ಬಿದ ಪುಸ್ತಕವೊಂದನ್ನು ಹಿಡಿದು.
ನಮ್ಮ ಎಂಜಿನ್ ಎರಡನೇ ಕೈಯದು.
ಯಾವ ದೇಶದ್ದೆಂದು ಮಾಲಕರಿಗೂ ಗೊತ್ತಿಲ್ಲ,
"ಮೇಲಿನದ್ದು" ಎನ್ನುತ್ತಾರೆ, ಬಡಗಿಗೆ ಕೈ ತೋರಿಸಿ.
ಪುಸ್ತಕವೂ ಅದರೊಟ್ಟಿಗೇ ಬಂದದ್ದು. ಅಕ್ಷರ ನಮಗೆ ಬಾರದ್ದು.
ಚಿತ್ರ ಮಾತ್ರ ಯಾರಿಗೂ ತಿಳಿಯುತ್ತದೆ:
ಒಂದು ಎಂಜಿನ್, ನೆತ್ತಿಯ ಮೇಲೆ ಆರು ಮೂಲೆಯ ನಕ್ಷತ್ರ,
ಹೊಟ್ಟೆಯಲ್ಲಿ ಮಿಂಚಿನಂಥ ಗೆರೆ.
ಪಕ್ಕದಲ್ಲಿ ಯಾರದೋ ಹೆಬ್ಬೆರಳಿನ ಗ್ರೀಸು,
ಪೆನ್ಸಿಲಿನಲ್ಲಿ ಮೂರು ಸಲ ಎಳೆದ ಅಡಿಗೆರೆ.

"ನೀರು ಗಡ್ಡೆ ಕಟ್ಟಿದರೆ ಬ್ಲಾಕ್ ಸೀಳುತ್ತದೆ.
ಇವತ್ತು ಇಳಿಸಿಬಿಡುವ."
"ಎಂತ ಮಾರಾಯ," ಅಂದೆ, "ಹದಿನಾರು ಡಿಗ್ರಿಗೆ ಗಡ್ಡೆ ಕಟ್ಟಲಿಕ್ಕೆ
ಇದೆಂತ ತೆಂಗಿನೆಣ್ಣೆಯಾ?"

ಲಿಗೋರಿ ಬೀಡಿ ಹಚ್ಚಿದ.
ಹನ್ನೆರಡರ ಹುಡುಗ, ಐಸ್ ಪ್ಲಾಂಟಿನಲ್ಲಿ ಡಬ್ಬಿ ಎತ್ತುತ್ತಿದ್ದನಂತೆ.
ಸೋಡಾ ಬಾಟಲಿಗೆ ನೀರು ತುಂಬಿ, ಬಿರಡೆ ಬಿಗಿದು
ಉಪ್ಪುನೀರಿನ ತೊಟ್ಟಿಗೆ ಇಳಿಬಿಟ್ಟು ಮರೆತನಂತೆ.
ಬೆಳಗ್ಗೆ ಎತ್ತಿದರೆ
ಗಾಜು ಚೂರು ಚೂರು.
ನೀರು ಮಾತ್ರ ಬಾಟಲಿಯ ಹಾಗೇ ನಿಂತಿತ್ತು,
ಕುತ್ತಿಗೆ, ಭುಜ, ತಳದ ಗುಳಿ ಸಮೇತ.

"ಅವತ್ತಿನಿಂದ ನನಗೆ ನೀರೆಂದರೆ ಸ್ವಲ್ಪ ಹೆದರಿಕೆ,"
ಅಂದ, ನಲವತ್ತು ವರ್ಷ ಕಡಲ ಬದಿಯಲ್ಲೇ ದುಡಿದವ.

ಆಮೇಲೆ ನನ್ನ ಕೈ ಹಿಡಿದು
ಎಂಜಿನ್ನಿನ ಎಡಮಗ್ಗುಲಿಗೆ ಒತ್ತಿಸಿದ.
ಬಣ್ಣದ ಅಡಿಯಲ್ಲಿ ಒಂದು ಗೇಣು ಬೆಸುಗೆ.
ನಾಲ್ಕು ವರ್ಷದಿಂದ ಇದಕ್ಕೆ ಎಣ್ಣೆ ಹಾಕುತ್ತೇನೆ,
ಆ ಜಾಗ ಮುಟ್ಟಿಯೇ ಇರಲಿಲ್ಲ.
ಎಲ್ಲೋ ಒಂದು ಬಂದರಿನಲ್ಲಿ
ಯಾರೋ ನನ್ನಂಥವ
ಒಂದು ರಾತ್ರಿ ಮರೆತು ಮಲಗಿದ್ದ.

ನಮಗೆ ಐಸ್ ಎಂದರೆ ದುಡ್ಡು ಕೊಟ್ಟು ತರುವ ಸಾಮಾನು.
ಗಡ್ಡೆ ಎಣಿಸಿ, ಚರ್ಚೆ ಮಾಡಿ, ಪುಡಿ ಹೊಡೆಸಿ,
ದಡ ಮುಟ್ಟುವವರೆಗೆ ಕರಗದಿರಲಿ ಎಂದು
ಬೊಬ್ಬರ್ಯನಿಗೆ ಹೇಳಿಕೊಳ್ಳುವುದು.
ಅದು ಆಕಾಶದಿಂದ ಬಿಟ್ಟಿ ಬೀಳುವ ಊರು,
ಬಿದ್ದು ಕಬ್ಬಿಣ ಸೀಳುವ ಊರು
ನನ್ನ ಕೈಯ ಕೆಳಗೇ ಇತ್ತು, ಒಂದು ಗೇಣು ಉದ್ದ.

ಸ್ಪ್ಯಾನರ್ ಕೊಡು ಅಂದೆ.

ನೀರು ಇಳಿಯಿತು. ಬೆಚ್ಚಗಿತ್ತು.
ಮಧ್ಯಾಹ್ನ ದ್ವೀಪದ ಆಚೆ ಎಂಜಿನ್ ಕುಡಿದ ಕಡಲು
ತುಕ್ಕಿನ ಬಣ್ಣ ಹಚ್ಚಿಕೊಂಡು
ನನ್ನ ಅಂಗೈ ದಾಟಿ ಹೋಯಿತು.
ಕೊನೆಗೆ ನಾಲ್ಕು ಹನಿ, ಉಗುರಿನಷ್ಟು ಚಿಪ್ಪು,
ಒಂದು ನಿಟ್ಟುಸಿರಿನಂಥ ಗಾಳಿ.
ಎರಡು ಗೋಣಿ ಹೊದೆಸಿದೆವು.
ಸಾಲದೆಂದು ಲಿಗೋರಿ ಹೆಗಲ ಬೈರಾಸನ್ನೂ ಬಿಡಿಸಿ
ತಲೆಯ ಕಡೆಗೆ ಸಿಕ್ಕಿಸಿದ.
ಎಂಜಿನ್ನಿಗೆ ತಲೆ ಯಾವುದು ಎಂದು ನಾನು ಕೇಳಲಿಲ್ಲ.

ಬೆಳಗಿನ ಜಾವ ನೋಡಿದರೆ
ಮಲ್ಪೆಯಲ್ಲಿ ಏನೂ ಹೆಪ್ಪುಗಟ್ಟಿರಲಿಲ್ಲ,
ಗೂಡಿನಲ್ಲಿದ್ದ ತೆಂಗಿನೆಣ್ಣೆಯ ಬಾಟಲಿ ಒಂದು ಬಿಟ್ಟು.
ನೀರು ತುಂಬಿಸಿ, ಗಾಳಿ ತೆಗೆದು, ಬೈಗುಳ ತಿಂದು,
ಸ್ಟಾರ್ಟ್ ಆಗುವಷ್ಟರಲ್ಲಿ
ಉಳಿದ ಬೋಟುಗಳ ದೀಪ ಅಳಿವೆ ದಾಟಿದ್ದವು.
ತಾಂಡೇಲ ಕೊಗ್ಗ ಮೆಂಡನ್
ನಮ್ಮಿಬ್ಬರ ಮುಖ ನೋಡಲಿಲ್ಲ.

ದಕ್ಕೆಯ ಅಂಚಿನಲ್ಲಿ ನಿಂತು ಲಿಗೋರಿ
ಬೈರಾಸು ಕೊಡವುತ್ತಾ ಕೂಗಿದ:
"ಒಡೆಯಲಿಲ್ಲ ಅಲ್ವಾ?"
ಸದ್ದಿಗೆ ಕೇಳಿಸಲಿಲ್ಲ ಎಂದುಕೊಂಡು
ಇನ್ನೊಮ್ಮೆ ಕೂಗಿದ.

ನಾನು ಕೆಳಗಿಳಿದು ಬೆಸುಗೆಯ ಮೇಲೆ ಕೈಯಿಟ್ಟೆ.
ಬಿಸಿ ಏರುತ್ತಿತ್ತು.
ಹಲಗೆಯ ಆಚೆ, ಮೀನಿಲ್ಲದ ಕೋಣೆಯಲ್ಲಿ
ನೂರಿಪ್ಪತ್ತು ಗಡ್ಡೆ ಐಸು
ಆಗಲೇ ತೊಟ್ಟಿಕ್ಕತೊಡಗಿತ್ತು.