ತುದಿಯ ಬಿರಡೆ

ದುರ್ಗಿಗುಡಿಯ ಸಹಕಾರಿ ಬ್ಯಾಂಕಿನ ನೆಲಮಾಳಿಗೆ.
ಶನಿವಾರ, ಲೆಕ್ಕ ಮುಗಿದ ಮೇಲೆ
ಹಳೆಯ ಟೇಪ್ ಡ್ರೈವಿನ ಮಗ್ಗುಲಿಗೆ ಹೊಸದನ್ನು ತಂದಿಟ್ಟೆ.
ಒಂದೇ ಕೇಬಲ್ಲು, ಲಾಡಿಯ ಹಾಗೆ ಚಪ್ಪಟೆ;
ಅದರಲ್ಲೇ ಇಬ್ಬರೂ ಮಾತಾಡಬೇಕು
ಸರದಿ ಕಾದು.

ಸ್ವಿಚ್ಚೊತ್ತಿದೆ. ಪರದೆ ಬಹಳ ಹೊತ್ತು ಯೋಚಿಸಿ
ಯಾರೂ ಇಲ್ಲ ಅಂದಿತು.
ನಿನ್ನೆಯವರೆಗೆ ಇದ್ದ ಹಳೆಯದೂ ಇಲ್ಲ.

ಮಗುಚಿದರೆ, ಎರಡರ ಬೆನ್ನಿಗೂ ನಾಲ್ಕು.
ಏಳನೇ ಕ್ಲಾಸಿನಲ್ಲಿ ನಾವಿಬ್ಬರು ಫಿಲೋಮಿನಾ:
ಹಾಜರಿ ಕೂಗಿದರೆ ಇಬ್ಬರೂ ಎದ್ದು
ಒಬ್ಬರನ್ನೊಬ್ಬರು ನೋಡಿ ಕೂತು
ಇಬ್ಬರಿಗೂ ಗೈರು.

ಅಕ್ಕಿಕಾಳಿನಷ್ಟು ಜಂಪರ್.
"ಬಿದ್ರೆ ಸಿಗಲ್ಲ ಮೇಡಂ" ಅಂದ, ಟಾರ್ಚು ಹಿಡಿದ ಚೌಡಪ್ಪ.
ಬಿತ್ತು.
ಕಡತಗಳ ನಡುವೆ ಮೊಣಕಾಲೂರಿ ಅರ್ಧ ಗಂಟೆ.
ಹೊಸದಕ್ಕೆ ಐದು.

ಈಗ ಇಬ್ಬರೂ ಓಗೊಟ್ಟರು, ಬರೆಯಹೋದರೆ ಮಾತ್ರ ತೊದಲು.
ಬಿರಡೆ ಇನ್ನೂ ಹಳೆಯದರ ಬೆನ್ನಲ್ಲೇ; ತುದಿ ಬರಿದು.
ಹೇಳಿದ್ದು ಹೋಗಿ, ತಗುಲಿ, ತಿರುಗಿ ಬಂದು
ಹೇಳುತ್ತಿರುವುದರ ಮೇಲೇ ಬೀಳುತ್ತಿತ್ತು,
ಹುಲಿಕಲ್ಲಿನ ತಿರುವಿನಲ್ಲಿ ಕೂ ಹಾಕಿದವನಿಗೆ
ಆಚೆ ಗುಡ್ಡದವನ ಉತ್ತರವೋ ತನ್ನದೇ ಕೂಗೋ
ತಿಳಿಯದ ಹಾಗೆ.

ನಡುವಿನಿಂದ ಕಿತ್ತು ತುದಿಗೆ ಒತ್ತಿದೆ.
"ಇದೇನ್ ಮಾಡ್ತದೆ?"
ಏನೂ ಮಾಡಲ್ಲ ಚೌಡಪ್ಪ.
ಬಂದ ಮಾತನ್ನು ವಾಪಸು ಕಳಿಸಲ್ಲ, ಅಷ್ಟೆ.
"ನಮ್ಮತ್ತಿಗೆ ಹಂಗೇ ಇದ್ಲು" ಅಂದ.
ಮತ್ತೇನೂ ಅನ್ನಲಿಲ್ಲ.

ಟೇಪು ತಿರುಗಿತು, ಒಂದು ಸಲ ಕೀರಲಿ, ಆಮೇಲೆ ಸಮ.
ಗೋಪಾಳದ ಚಿನ್ನದ ಸಾಲ, ಮಂಡ್ಲಿಯ ಅಕ್ಕಿ ಗಿರಣಿ,
ಅಟೆಂಡರ್ ಚೌಡಪ್ಪನ ಉಳಿತಾಯದ
ನೂರಾ ಹನ್ನೆರಡು ರೂಪಾಯಿ.
ಲೈಟು ಹಾಕಿ ಎಷ್ಟೋ ಹೊತ್ತಾಗಿತ್ತು,
ಅವನು ಟಾರ್ಚು ಹಿಡಿದೇ ನಿಂತಿದ್ದ.