ವಲ್ಲಿ ಕೆಳಗಿನ ಮಾತು

ಬ್ಯಾಡಗಿ ಪ್ಯಾಟಿಗೆ ಹೊಸದಾಗಿ ಬಂದಾವ ಮೊದಲು ಸೀನತಾನ,
ಆಮ್ಯಾಲೆ ಹೆಸರು ಹೇಳತಾನ.
ಮೂವತ್ತೊಂದು ವರ್ಷ ದಲಾಲಿ ಅಂಗಡ್ಯಾಗ ಪಟ್ಟಿ ಬರದೀನಿ.
ಯಾವ ಸೀಮಿಯಾವ ಯಾವ ಭಾಷಾದಾಗ ಸೀನತಾನ ಅಂತ
ಇವತ್ತಿಗೂ ಗುರುತು ಸಿಕ್ಕಿಲ್ಲ.

ಸೋಮವಾರ ಅಂದ್ರ ಅಂಗಳ ತುಂಬ ಕೆಂಪು.
ಮೊಣಕಾಲಮಟ ರಾಶಿ, ನಡುವ ಕಾಲಿಡಾಕ ಗೇಣು ಜಾಗ.
ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ,
ಗುಂಟೂರ ಖಾರ ಅತ್ತಾಗ ಮೂಲ್ಯಾಗ.
ಬೆರಸಿದ್ರ ಮೋಸ.
ದೇವರಿಗೆ ಅಂಜದ ನಮ್ಮ ಮಾಲಕರು ಬೆರಕಿಗೆ ಅಂಜತಿದ್ರು.

ತುಂಬು ಬಿಡಸಾಕ ಕುಂತ ಹೆಣ್ಣಮಕ್ಕಳು
ಮೂಗಿಗೆ ಸೆರಗು ಕಟ್ಟಿದಮ್ಯಾಲೆ
ಹುಸೇನಬಿ ಯಾರು, ಶಾಂತವೀರವ್ವ ಯಾರು?
ತಾಂಡಾದ ಸೋಮ್ಲಿಬಾಯಿನ್ನ ಬಳಿ ನೋಡಿ ಹೇಳಬೇಕು.
ಕಾಣೋದು ಕಣ್ಣಷ್ಟ, ಕಣ್ಣಾಗ ನೀರು.
ಸಂಜಿಗೆ ಉರಿಯೋ ಅಂಗೈಗೆ ಎಣ್ಣಿ,
ಒಂದ ಬಾಟ್ಲಿದು.

ಈಗ ಕಂಪ್ಯೂಟರಿನಾಗ ಟೆಂಡರು.
ನಾ ಹುಡುಗ ಇದ್ದಾಗ ವಲ್ಲಿ ಕೆಳಗ ವ್ಯಾಪಾರ.
ಮದುರೈದ ಚೊಕ್ಕಲಿಂಗಂಗ ಕನ್ನಡ ಬರತಿರಲಿಲ್ಲ,
ಮಾಲಕರಿಗೆ ತಮಿಳಿನಾಗ ಒಂದ ಶಬ್ದ ಗೊತ್ತಿತ್ತು, ಸಾಪಾಡು.
ಇಬ್ಬರೂ ಕೈ ಕೈ ಹಿಡಕೊಂಡು
ಮ್ಯಾಲೊಂದು ವಲ್ಲಿ ಹೊದಿಸಿ
ಮಾರಿಗೆ ಮಾರಿ ಕೊಟ್ಟು ನಿಂದರತಿದ್ರು.
ಬೆರಳು ಕೇಳತಿತ್ತು, ಬೆರಳು ಒಲ್ಲೆ ಅಂತಿತ್ತು,
ಗೆಣಿಕಿ ಒಂದೀಟು ಇಳದು ಬರತಿತ್ತು.
ಜಗಳಾದ್ರ ವಲ್ಲಿ ಅಲಗತಿತ್ತು, ಮುಖ ಅಲಗತಿರಲಿಲ್ಲ.

ಎಲ್ಲಾ ಸುಸೂತ್ರ ಇತ್ತು ಅಂತ ಹೇಳಾಂಗಿಲ್ಲ.
ಒಂದು ವರ್ಷ ಎಲ್ಲೋ ದೂರ ಏನೋ ಸುಟ್ಟಿತು,
ಹೊಗಿ ಇಲ್ಲಿಗೆ ಪೇಪರಿನಾಗ ಬಂತು.
ಹಮಾಲ ದಾವಲಸಾಬನ ಕೊಕ್ಕಿ ಯಾರೋ ಕಸಗೊಂಡ್ರು,
ಆಯುಧ ಅಂದ್ರು.
ಹತ್ತೊಂಬತ್ತು ವರ್ಷ ಅದ ಕೊಕ್ಕಿಲೆ ಎಲ್ಲರ ಚೀಲ ಎತ್ತಿದ್ದ.
ಬರೇ ಕೈ ಎಲ್ಲಿಡಬೇಕು ತಿಳೀದ
ಎರಡು ದಿನ ನೀರಿನ ಟಾಕಿ ಹತ್ರ ಕುಂತ.
ನಾ ಪಟ್ಟಿ ಬರಕೋತ ಕುಂತಿದ್ದೆ. ಅದನ್ನ ಮುಚ್ಚಿಡೋದಿಲ್ಲ.
ಮೂರನೇ ದಿನ ಅವನ ಜೋಡಿ ಫಕ್ಕೀರಪ್ಪ
(ಹೆಸರು ಫಕ್ಕೀರಪ್ಪ, ಹಣಿ ತುಂಬ ವಿಭೂತಿ)
ತನ್ನ ಕೊಕ್ಕಿ ತಂದು ಅವನ ತೊಡಿಮ್ಯಾಲೆ ಇಟ್ಟ.
"ಏಳೋ ಮಾರಾಯ, ಈ ಚೀಲಕ್ಕ ನಾಕು ಕೈ ಬೇಕು."
ಅಷ್ಟ. ಲಾರಿ ಕಾಯಾಕತ್ತಿತ್ತು.

ಚೀಲದ ಮ್ಯಾಲೆ ಮಸಿಲೆ ಊರ ಹೆಸರು ಬರಿಯೋದು ನನ್ನ ಪಾಲು.
ಗುವಾಹಟಿ, ರಾಜಕೋಟ, ಕೊಲ್ಲಂ, ಅಮೃತಸರ.
ಒಂದೂ ಕಂಡಿಲ್ಲ. ಹಾನಗಲ್ ದಾಟಿ
ಶಿರಸಿಗೆ ಎರಡ ಸಲ ಹೋದಾವ ನಾ.
ಆದ್ರ ಉಣ್ಣೂಮುಂದ ಒಮ್ಮೊಮ್ಮೆ ಅನಸತೈತಿ:
ಯಾರದೋ ಅಡಿಗಿಮನ್ಯಾಗ, ನನಗ ಹೆಸರು ಬಾರದ ಸಾರಿನಾಗ
ಸೋಮ್ಲಿಬಾಯಿ ಬೆರಳು ಮುಟ್ಟಿದ ಕೆಂಪು ಕುದಿಯಾಕತ್ತಿರಬೇಕು.
ಬಣ್ಣ ಚಲೋ ಬಂತು ಅಂತಿರಬೇಕು ಅವರು,
ತಮ್ಮ ತಮ್ಮ ಭಾಷಾದಾಗ.

ಮೊನ್ನೆ ಮೊಮ್ಮಗಳು ಬಂದು
ಸಾಲ್ಯಾಗ ಭಾಷಣ ಐತಿ, ಏಕತಾ ಮ್ಯಾಲೆ ನಾಕು ಸಾಲು ಬರಕೊಡು ಅಂದ್ಲು.
ಬರಕೊಟ್ಟೆ:
ರಾಶಿ ಬ್ಯಾರೆ ಬ್ಯಾರೆ ಇರಲಿ,
ತಕ್ಕಡಿ ಒಂದ ಇರಲಿ,
ಕಲ್ಲು ಖರೇ ಇರಲಿ.
"ಇದು ಮೆಣಸಿನಕಾಯಿ ಸುದ್ದಿ ಆತು, ಅಜ್ಜಾ.
ಅದೂ ಮೂರ ಸಾಲು."
ಹಾಳಿ ಮಡಚಿ ದೋಣಿ ಮಾಡಿದ್ಲು.

ಹೆಗಲಮ್ಯಾಲಿನ ವಲ್ಲಿ ತಗದೆ,
ಅಕಿ ಕೈಮ್ಯಾಲೆ ಹೊದಿಸಿದೆ,
ಕೆಳಗ ಎರಡು ಬೆರಳು ಹಿಡದೆ.
"ಏನಂದಿ ಈಗ?" ಅಂತ ಕಣ್ಣು ಅರಳಿಸಿ ಕೇಳಿದ್ಲು.
ಹೇಳೂದರಾಗ
ವಲ್ಲ್ಯಾಗಿಂದ ಹಳೇ ಪ್ಯಾಟಿ ಘಾಟು ಎದ್ದು
ಅಕಿಗೊಂದು ಸೀನು,
ಬೆನ್ನ ಹಿಂದ ನನಗೊಂದು.