ಒಡಕಿದ್ದಲ್ಲಿ ಹಿಡಿಕಿ

ಬರೆಯುವಾಗ ನಡುವೆ ಒಂದು ‘ಲ’ ಇದೆ, ಕರೆಯುವಾಗ ನುಂಗುತ್ತಾರೆ:
ಕರ್ಕಾಡಿ. ಸ್ಕಾಟ್ಲೆಂಡಿನ ಕಡಲಂಚು.
ಗಾಳಿ ಫ್ಯಾಕ್ಟರಿ ಕಡೆಯಿಂದ ಬೀಸಿದರೆ ಅಗಸೆಯೆಣ್ಣೆಯ ವಾಸನೆ,
ಲಿನೋಲಿಯಂ ಮಾಡುತ್ತಾರೆ. ನನಗೆ ಮಾತ್ರ
ಖಡಕ್ ರೊಟ್ಟಿ, ಅಗಸಿ ಹಿಂಡಿ ನೆನಪಾಗಿ
ಬೆಳಗಿನ ಐದಕ್ಕೇ ಹಸಿವು.

ಕೆಲಸ: ರಿಂಕಿನಲ್ಲಿ ಐಸ್ ಒರೆಸುವ ಯಂತ್ರ ಓಡಿಸುವುದು.
ಓದಿದ್ದು: ಧಾರವಾಡದಲ್ಲಿ ಗಣಿತ, ಎಂ.ಎಸ್ಸಿ., ಎರಡನೆಯ ದರ್ಜೆ.
ಇವೆರಡನ್ನೂ ಒಂದೇ ಸಾಲಿನಲ್ಲಿ ಹೇಳಿದರೆ ಜನ ಅಯ್ಯೋ ಅನ್ನುತ್ತಾರೆ,
ಅದಕ್ಕೇ ಎರಡು ಸಾಲು ಮಾಡಿದ್ದೇನೆ.

ಆರಕ್ಕೆ ಮೋರಾಗ್ ಟುಲಕ್ ಬರುತ್ತಾಳೆ. ಎಪ್ಪತ್ತೆರಡು.
ಒಂದು ಮಂಡಿ ಅವಳದು, ಇನ್ನೊಂದು ಸರ್ಕಾರಿ ಆಸ್ಪತ್ರೆಯದು.
ಜಿಗಿಯುವುದಿಲ್ಲ, ಗಿರಕಿ ಹೊಡೆಯುವುದಿಲ್ಲ;
ಈಗ ಯಾರೂ ಕೇಳದ ಹಳೆಯ ಆಕೃತಿಗಳನ್ನು
ಒಂಟಿ ಕಾಲಲ್ಲಿ ಕೊರೆಯುತ್ತಾಳೆ, ಬಗ್ಗಿ ನೋಡುತ್ತಾಳೆ,
ಅದರ ಮೇಲೇ ಮತ್ತೆ ತಿದ್ದುತ್ತಾಳೆ.

ಮೊದಲು ಕುಣಿಕೆ.
ಅಲಗು ಹೋಗಿ, ಬಾಗಿ, ತನ್ನದೇ ಗೆರೆ ದಾಟಿ ಹೊರಬರುತ್ತದೆ,
‘ಕ’ ಬರೆಯುವಾಗ ಆಗುವುದಿಲ್ಲವೇ, ಹಾಗೆ.
ದಾಟುವ ಆ ಚುಕ್ಕಿ ಜಾಗಕ್ಕೆ ಒಂದು, ಕಾಲಕ್ಕೆ ಎರಡು:
ಮೈನಸ್ ಒಂದಕ್ಕೆ ಒಮ್ಮೆ ಬಂದಿದ್ದಳು,
ಪ್ಲಸ್ ಒಂದಕ್ಕೆ ಮತ್ತೆ ಬಂದಳು.
ಐಸಿಗೆ ಮಾತ್ರ ಎರಡೂ ಒಂದೇ ಗಾಯ.

ಹಂಪಿಹೊಳಿ ಮಾಸ್ತರರು ಬೋರ್ಡಿನ ಮೇಲೆ ಇದನ್ನೇ ಬರೆದಿದ್ದರು.
‘ಈ ಗಂಟಿನಾಗ ನಿಂದರು, ಕೋಲು ತಿರುವು.
ಕೋಲು ಈ ಗೆರೀನ ಮೂರು ಸಲ ಮುಟ್ಟಬೇಕು, ಅದು ಕಾಯ್ದೆ.
ಎರಡು ಇಲ್ಲೇ ಗಂಟಿನಾಗ ಖರ್ಚಾದುವು. ಉಳದದ್ದು?’
ಒಂದು, ಸರ್.
‘ಒಂದು. ನೀ ಓರೆ ಹೇಳು, ನಾ ಜಾಗ ಹೇಳತೇನಿ.
ವರ್ಗಮೂಲ ಬ್ಯಾಡ, ಏನೂ ಬ್ಯಾಡ. ಗುಣಿಸು, ಕಳಿ, ಮುಗೀತು.’
ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರು. ಅದೂ ಮೂರನೆಯ ಘಾತದ್ದೇ,
ಆದರೆ ಗಂಟಿಲ್ಲ, ಮೊನೆಯಿಲ್ಲ,
ವರನ ಕಡೆಯವರಿಗೆ ತೋರಿಸಬಹುದಾದಷ್ಟು ನುಣುಪು.
ಎಷ್ಟು ತಿಣುಕಿದರೂ ಅದಕ್ಕೆ ಇಂಥ ಸೂತ್ರ ಇಲ್ಲವಂತೆ.
‘ಒಡಕಿದ್ದಲ್ಲೇ ಹಿಡಿಕಿ ಇರತದ, ತಮ್ಮಾ,’ ಅಂದು
ಎರಡನ್ನೂ ಒಂದೇ ಡಸ್ಟರಿನಲ್ಲಿ ಒರೆಸಿದರು.

ಕುಣಿಕೆ ಆದ ಮೇಲೆ ತಿರುವು.
ಮುಂದೆ ಹೋಗುತ್ತಿದ್ದವಳು ಹಿಮ್ಮುಖವಾಗುವಲ್ಲಿ
ಐಸಿನ ಮೇಲೆ ತಲೆಕಟ್ಟಿನಂಥ ಮೊನೆ.
ಟಿ ವರ್ಗ, ಟಿ ಘನ: ಸೊನ್ನೆಯಲ್ಲಿ ಎರಡರ ವೇಗವೂ ಸೊನ್ನೆ.
ಕೇಳಿದೆ ಒಮ್ಮೆ, ಅಲ್ಲಿ ನಿಲ್ಲುತ್ತೀಯಾ ಎಂದು.
‘ನಿಲ್ಲಲೇಬೇಕು,’ ಅಂದಳು ಮೂಗು ಒರೆಸಿಕೊಂಡು,
‘ನಿಂತದ್ದು ತೀರ್ಪುಗಾರರಿಗೆ ಕಾಣಬಾರದು.’
ಗಂಡ ತೀರಿಕೊಂಡ ವಾರವೂ ಆರಕ್ಕೇ ಬಂದಿದ್ದಳಂತೆ.
ಟಿಕೆಟ್ ಕೌಂಟರಿನ ಶೋನಾ ಹೇಳಿದ್ದು. ನಾನು ಕೇಳಿರಲಿಲ್ಲ.

ವೃತ್ತವೂ ಪೂರ್ತಿ ಸಿಗುವುದಿಲ್ಲ, ಗೊತ್ತೇ?
ಅದರ ಮೇಲೇ ಒಂದು ಕಡೆ ನಿಂತು ಕೋಲು ತಿರುವಿದರೆ
ಒಂದೊಂದು ಓರೆಗೆ ಒಂದೊಂದು ಬಿಂದು ಸಿಕ್ಕುತ್ತದೆ,
ನಿಂತ ಜಾಗ ಬಿಟ್ಟು.
ಅದು ಸಿಗಲು ಅನಂತವೇ ಬರಬೇಕು.
ನನ್ನ ಪಾಳಿ ಏಳಕ್ಕೆ ಮುಗಿಯುತ್ತದೆ.

ಇವತ್ತು ಬಿಸಿನೀರು ಬಿಡುತ್ತ ಸುತ್ತು ಹಾಕಿದೆ,
ಗೋಡೆಯಿಂದ ಒಳಕ್ಕೆ, ಒಂದರ ಅಂಚಿಗೆ ಇನ್ನೊಂದನ್ನು ತಾಗಿಸಿ.
ಅವಳ ವೃತ್ತಗಳು ತುಂಬಿಕೊಂಡವು, ಮೊನೆ ತುಂಬಿಕೊಂಡಿತು.
ಕುಣಿಕೆಯ ಬಳಿ ಕೈ ಸ್ಟೇರಿಂಗನ್ನು ಒಂದಿಷ್ಟು ಎಡಕ್ಕೆ ಎಳೆಯಿತು.
ನಾನೇ ಎಳೆದೆ ಅಂತ ಹೇಳಲಾರೆ.

ಹಾಕಿ ಹುಡುಗರ ಕೋಚ್ ಕ್ಯಾಲಮ್ ಕಟಕಟೆಯಾಚೆಯಿಂದ ಕೂಗಿದ:
‘ಅಲ್ಲೊಂದು ಜಾಗ ಬಿಟ್ಟಿದ್ದೀಯ!’
ಒಂದು ಬಿಟ್ಟೇ ಹೋಗುತ್ತದೆ ಅಂದೆ, ಕನ್ನಡದಲ್ಲಿ.
ಯಂತ್ರದ ಸದ್ದಿನಲ್ಲಿ ಏನು ಕೇಳಿಸಿತೋ,
ಹೌದು ಹೌದು ಅಂತ ತಲೆಯಾಡಿಸಿದ.